ಕ್ವಾರಂಟೈನ್‌ನಲ್ಲಿರುವ ಪೌಡರ್ ಬ್ಲೂ ಮೀನಿನ ಮೈ ಮೇಲೆ ಬಿಳಿ ಚುಕ್ಕೆ: ತಾಮ್ರ ಹಾಕಲೇ, ಉಪ್ಪು ಇಳಿಸಲೇ?

ಹೊಸ ರೀಫ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಉಪ್ಪು ನೀರಿನ ಟ್ಯಾಂಕಿಗೆಂದು ಮೂರಿಂಚಿನ ಪೌಡರ್ ಬ್ಲೂ ಟ್ಯಾಂಗ್ ಮೀನು ಒಂದು, ಜೊತೆಗೆ ಒಂದು ಜೋಡಿ ಕ್ಲೌನ್ ಮೀನು ತಂದಿದ್ದೇನೆ. ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟಿಲ್ಲ. ಕ್ವಾರಂಟೈನ್‌ಗೆಂದು ಪಕ್ಕದ ರೂಮಿನಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರದ ಬೇರೆ ಟ್ಯಾಂಕ್ ಇಟ್ಟಿದ್ದೇನೆ. ಕಲ್ಲು, ಮರಳು ಏನೂ ಇಲ್ಲ. ಅವಿತುಕೊಳ್ಳಲು ಪಿವಿಸಿ ಎಲ್ಬೋ ಹಾಕಿದ್ದೇನೆ. ಸ್ಪಾಂಜ್ ಫಿಲ್ಟರ್ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಫಿಲ್ಟರ್ ತೊಟ್ಟಿಯಲ್ಲಿ) ಮೊದಲೇ ಬಿಟ್ಟು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹತ್ತಿಸಿದ್ದು. ನೀರು 26 ಡಿಗ್ರಿ, ಉಪ್ಪು ನೀರಿನ ಸಾಂದ್ರತೆ 1.025, ಅಮೋನಿಯಾ ಸೊನ್ನೆ.

ಇವತ್ತು ಬೆಳಿಗ್ಗೆ ಟ್ಯಾಂಗ್‌ನ ರೆಕ್ಕೆಗಳ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿದೆ. ಆಗಾಗ ಪೈಪಿಗೆ ಮೈ ಉಜ್ಜುತ್ತದೆ. ನೋರಿ (ಒಣ ಕಡಲಪಾಚಿ) ಕೊಟ್ಟರೆ ತಿನ್ನುತ್ತದೆ. ಕ್ಲೌನ್‌ಗಳ ಮೇಲೆ ಏನೂ ಇಲ್ಲ. ಅಂಗಡಿಯವರು 'ಎಲ್ಲದಕ್ಕೂ ಆಗುತ್ತೆ' ಅಂತ ಹಸಿರು ಬಣ್ಣದ ಒಂದು ಬಾಟಲಿ ಕೊಟ್ಟಿದ್ದಾರೆ. ಒಳಗೆ ಏನಿದೆ ಎಂದು ಲೇಬಲ್ ಮೇಲೆ ಬರೆದಿಲ್ಲ. ಹಾಕಲೇ? ಅಥವಾ ತಾಮ್ರವೇ? ಉಪ್ಪು ಇಳಿಸಿದರೆ ಸಾಕು ಅಂತಲೂ ಓದಿದ್ದೇನೆ.

ಗಪ್ಪಿ ಗುಂಡ

ಹೀಟರ್ 31ಕ್ಕೆ ಏರಿಸಿ ಸರ್. ಜೊತೆಗೆ ಸ್ವಲ್ಪ ಮಲಾಕೈಟ್ ಗ್ರೀನ್ ಔಷಧ. ನಮ್ಮ ಗೋಲ್ಡ್‌ಫಿಶ್‌ಗೆ ಯಾವಾಗಲೂ ಹೀಗೇ ಮಾಡುತ್ತೇವೆ. ವಾರದಲ್ಲಿ ಚುಕ್ಕೆ ಮಾಯ.

ಹಳೇ ಸಂಪ್ (ಮೈಸೂರು)

ಗುಂಡಣ್ಣ, ನೀವು ಹೇಳುತ್ತಿರುವುದು ಸಿಹಿನೀರಿನ ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಅದು ಇಕ್ತಿಯೋಫ್ತೀರಿಯಸ್. ಇದು ಉಪ್ಪು ನೀರಿನ ಪರಾವಲಂಬಿ, ಕ್ರಿಪ್ಟೋಕ್ಯಾರಿಯಾನ್ (ಕ್ರಿಪ್ಟೋ). ನೋಡಲು ಒಂದೇ ಥರ, ಆದರೆ ಹತ್ತಿರದ ಸಂಬಂಧವೂ ಇಲ್ಲ. ಹವಳದ ದಿಬ್ಬದ ಬಿಸಿ ನೀರಿನಲ್ಲೇ ಬದುಕುವ ಜೀವಿಗೆ 31 ಡಿಗ್ರಿ ಏನು ಮಾಡೀತು? ಮೇಲಾಗಿ ಉಪ್ಪು ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ ಕರಗುತ್ತದೆ. ಬಿಸಿ ಮಾಡಿದರೆ ಇನ್ನೂ ಕಡಿಮೆ. ಕಿವಿರಿಗೆ ಪರಾವಲಂಬಿ ಹತ್ತಿದ ಮೀನಿಗೆ ಅದೇ ಸಾಕು, ಹೋಗಿಬಿಡುತ್ತದೆ.

ಹೊಸ ರೀಫ್ ಅವರೇ, ಆ ಹಸಿರು ಬಾಟಲಿ ಪಕ್ಕಕ್ಕಿಡಿ. ಒಳಗೆ ಏನಿದೆ ಗೊತ್ತಿಲ್ಲದಿದ್ದರೆ ಎಷ್ಟು ಹಾಕಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಅಂದಹಾಗೆ ಪೌಡರ್ ಬ್ಲೂಗೆ ಎರಡಡಿ ಟ್ಯಾಂಕ್ ತಾತ್ಕಾಲಿಕ ಅಂತ ನಂಬಿಕೊಂಡೇ ಬರೆಯುತ್ತಿದ್ದೇನೆ. ದೊಡ್ಡ ಟ್ಯಾಂಕ್ ಆರಡಿಯಾದರೂ ಇದೆ ತಾನೇ? ಬೈಯುವುದು ಆಮೇಲೆ. ಮೊದಲು ಎರಡು ಪ್ರಶ್ನೆ. ಮೀನು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದೆ? ಚುಕ್ಕೆಗಳನ್ನು ಎಣಿಸಲು ಆಗುತ್ತದೆಯೇ?

ಹೊಸ ರೀಫ್

ಐದಡಿ ಇದೆ ಸರ್. ಉಸಿರು ನಿಮಿಷಕ್ಕೆ 80ರ ಆಸುಪಾಸು. ಚುಕ್ಕೆ ಎಣಿಸಬಹುದು, ಇಪ್ಪತ್ತು ಇಪ್ಪತ್ತೈದು ಇರಬಹುದು.

ಮತ್ಸ್ಯವಿದ್ಯಾ (ಮಂಗಳೂರು)

ಎಣಿಸಲು ಆಗುತ್ತದೆ, ತಿನ್ನುತ್ತಿದೆ, ಉಸಿರು ತೀರಾ ಜಾಸ್ತಿ ಏರಿಲ್ಲ. ಅಂದರೆ ಕ್ರಿಪ್ಟೋ ಇರುವ ಸಾಧ್ಯತೆಯೇ ಹೆಚ್ಚು. ಆದರೆ ವೆಲ್ವೆಟ್ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ವೆಲ್ವೆಟ್ ಅಂದರೆ ಅಮಿಲೋಡಿನಿಯಂ ಎಂಬ ಇನ್ನೊಂದು ಪರಾವಲಂಬಿ. ರೂಮಿನ ದೀಪ ಆರಿಸಿ, ಟಾರ್ಚ್ ಅನ್ನು ಮೀನಿನ ಬದಿಯಿಂದ ಓರೆಯಾಗಿ ಹಿಡಿಯಿರಿ. ಚರ್ಮದ ಮೇಲೆ ನುಣ್ಣನೆಯ ಹಳದಿ ಪುಡಿ ಕಂಡರೆ ಅದು ವೆಲ್ವೆಟ್. ವೆಲ್ವೆಟ್ ಮೊದಲು ಕಿವಿರಿಗೆ ಹತ್ತುತ್ತದೆ. ಮೀನು ಪಂಪಿನ ಹೊಡೆತಕ್ಕೆ ಎದುರಾಗಿ ನಿಂತು ಉಸಿರಾಡುತ್ತದೆ, ಬೆಳಕು ಕಂಡರೆ ಮೂಲೆ ಸೇರುತ್ತದೆ, ಊಟ ಬಿಡುತ್ತದೆ. ಎಷ್ಟೋ ಸಲ ಮೈ ಮೇಲೆ ಏನೂ ಕಾಣುವ ಮೊದಲೇ ಸಾಯುತ್ತದೆ. ಅದಕ್ಕೆ ಎರಡು ಮೂರು ದಿನ ಸಾಕು.

ಕ್ರಿಪ್ಟೋ ಹಾಗಲ್ಲ, ಸ್ವಲ್ಪ ಸಮಯ ಕೊಡುತ್ತದೆ. ಅದರ ಬದುಕು ಹೇಗೆ ಸಾಗುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ. ನಿಮಗೆ ಕಾಣುತ್ತಿರುವ ಚುಕ್ಕೆ ಚರ್ಮದ ಮೇಲಿಲ್ಲ. ಮೇಲಿನ ಪದರದ ಅಡಿಯಲ್ಲಿ ಕೂತು ತಿನ್ನುತ್ತಿದೆ. 3ರಿಂದ 7 ದಿನ ತಿಂದ ಮೇಲೆ ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ. ಕೆಲವು ಗಂಟೆ ತಳದಲ್ಲಿ ತೆವಳಿ, ಗಾಜಿಗೋ ಪೈಪಿಗೋ ಅಂಟಿಕೊಂಡು, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, 200ರವರೆಗೂ ಮರಿಗಳಾಗಬಹುದು. ಕೋಶ ಒಡೆದು ಹೊರಬಂದ ಮರಿ ಒಂದೆರಡು ದಿನದೊಳಗೆ ಮೀನನ್ನು ಹಿಡಿಯಬೇಕು, ಇಲ್ಲದಿದ್ದರೆ ಸಾಯುತ್ತದೆ. ಹೆಚ್ಚಾಗಿ ಕತ್ತಲಲ್ಲಿ, ಬೆಳಗಿನ ಜಾವಕ್ಕೆ ಹೊರಬರುತ್ತವೆ. ಮೀನು ತಳದಲ್ಲಿ ಅಲುಗಾಡದೆ ಮಲಗಿರುವ ಹೊತ್ತು ಅದು. ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿದೆ ನೋಡಿ!

ಔಷಧ ಮುಟ್ಟುವುದು ಈ ಈಜುವ ಮರಿಯನ್ನು ಮಾತ್ರ. ಚರ್ಮದಡಿ ಇರುವುದಕ್ಕೂ ತಾಗುವುದಿಲ್ಲ, ಕೋಶದೊಳಗೆ ಇರುವುದಕ್ಕೂ ತಾಗುವುದಿಲ್ಲ. ಹಾಗಾಗಿ ಕೊನೆಯ ಕೋಶ ಒಡೆಯುವವರೆಗೂ ನೀರಿನಲ್ಲಿ ಔಷಧ ಒಂದೇ ಮಟ್ಟದಲ್ಲಿ ಇರಲೇಬೇಕು. ಮಧ್ಯೆ ಒಂದು ರಾತ್ರಿ ಮಟ್ಟ ಬಿದ್ದರೂ ಆ ರಾತ್ರಿ ಹೊರಬಂದವು ಬದುಕಿಕೊಳ್ಳುತ್ತವೆ.

ಹೊಸ ರೀಫ್

ಟಾರ್ಚ್ ಹಿಡಿದು ನೋಡಿದೆ ಮೇಡಂ. ಪುಡಿ ಇಲ್ಲ, ಬಿಡಿಬಿಡಿ ಚುಕ್ಕೆಗಳೇ. ಹಾಗಾದರೆ ತಾಮ್ರವೇ?

ಹಳೇ ಸಂಪ್

ನನ್ನ ಮತ ತಾಮ್ರಕ್ಕೇ. ಕ್ರಿಪ್ಟೋ, ವೆಲ್ವೆಟ್ ಎರಡನ್ನೂ ಹಿಡಿಯುವ, ಮನೆಯಲ್ಲೇ ಅಳೆಯಲು ಬರುವ ಔಷಧ ಅದೊಂದೇ. ಆದರೆ ಕೆಲವು ಷರತ್ತು ಇದೆ.

ಮೊದಲನೆಯದು ಅಳತೆಯ ಉಪಕರಣ. ಬಣ್ಣ ಹೋಲಿಸುವ ಅಗ್ಗದ ಕಿಟ್‌ನಲ್ಲಿ 0.15ಕ್ಕೂ 0.25ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹನ್ನಾ ಕಂಪನಿಯ ತಾಮ್ರದ ಡಿಜಿಟಲ್ ಚೆಕರ್, ಹೈ ರೇಂಜ್ ಇರುವುದು, ಅದನ್ನು ಮೊದಲು ತರಿಸಿ. ತಾಮ್ರ ಆಮೇಲೆ. ಮೀನು ಸಾಯುವ ಮಟ್ಟ, ಪರಾವಲಂಬಿ ಸಾಯುವ ಮಟ್ಟ, ಇವೆರಡರ ನಡುವಿನ ಜಾಗ ತುಂಬಾ ಕಿರಿದು. ಸಾರಿಗೆ ಉಪ್ಪು ಹಾಕಿದ ಹಾಗೆ ಅಂದಾಜಿನ ಮೇಲೆ ನಡೆಯುವ ಕೆಲಸ ಅಲ್ಲ.

ಎರಡನೆಯದು, ಯಾವ ತಾಮ್ರ ಅನ್ನುವುದು. ಬರೀ ಕಾಪರ್ ಸಲ್ಫೇಟ್ ಆದರೆ 0.15ರಿಂದ 0.20 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಕ್ಯುಪ್ರಾಮಿನ್ ಬಾಟಲಿ ಆದರೆ 0.5. ಕಾಪರ್‌ಸೇಫ್, ಕಾಪರ್ ಪವರ್ ಥರದ ಕೀಲೇಟ್ ಮಾಡಿದ (ಬೇರೆ ಅಣುವಿಗೆ ಕಟ್ಟಿದ) ತಾಮ್ರ ಆದರೆ 1.5ರಿಂದ 2.0. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಮೀನು ಸಾಯುತ್ತದೆ, ಇಲ್ಲವೇ ಔಷಧ ಕೆಲಸವೇ ಮಾಡುವುದಿಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ತಾಮ್ರ ಇರುವ ನೀರಿಗೆ ಅಮೋನಿಯಾ ಕಟ್ಟಿಹಾಕುವ ದ್ರಾವಣ ಹಾಕಬೇಡಿ, ಪ್ರೈಮ್ ಥರದ್ದು. ಅದು ತಾಮ್ರದ ರೂಪವನ್ನೇ ಬದಲಾಯಿಸಿ ಮೀನಿಗೆ ಇನ್ನಷ್ಟು ವಿಷವಾಗಿಸುತ್ತದೆ. ಅಮೋನಿಯಾ ಏರಿದರೆ ನೀರು ಬದಲಿಸಿ. ಬದಲಿಸುವ ಹೊಸ ನೀರಿಗೂ ಅದೇ ಮಟ್ಟಕ್ಕೆ ಮೊದಲೇ ತಾಮ್ರ ಬೆರೆಸಿರಬೇಕು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ.

ಅಡಿಕೆ ತೋಟ (ತೀರ್ಥಹಳ್ಳಿ)

ಒಂದು ಪೆದ್ದು ಪ್ರಶ್ನೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲು ನಮ್ಮ ಮನೆಯಲ್ಲಿ ಮೈಲುತುತ್ತ ಮೂಟೆಯಲ್ಲೇ ಇದೆ. ಅದೂ ಕಾಪರ್ ಸಲ್ಫೇಟೇ ಅಲ್ವಾ? ಸುಮ್ನೆ ಅಮೆರಿಕದ ಬಾಟಲಿಗೆ ಯಾಕೆ ದುಡ್ಡು ಸುರಿಯಬೇಕು?

ಹಳೇ ಸಂಪ್

ಪೆದ್ದು ಪ್ರಶ್ನೆ ಏನಲ್ಲ. ವಸ್ತು ಅದೇ. ಆದರೆ ಪ್ರಮಾಣ ನೋಡಿ. ಶೇಕಡ 1ರ ಬೋರ್ಡೋಗೆ ನೀವು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಹಾಕುತ್ತೀರಿ. ಅದರಲ್ಲಿ ತಾಮ್ರ ಸುಮಾರು ಕಾಲು ಭಾಗ. ಅಂದರೆ 2500 ಪಿಪಿಎಂ. ನಮಗೆ ಬೇಕಿರುವುದು 0.2. ಹತ್ತು ಸಾವಿರ ಪಟ್ಟಿಗಿಂತ ಹೆಚ್ಚು ತೆಳು. ಅಡುಗೆಮನೆ ತಕ್ಕಡಿಯಲ್ಲಿ ತೂಗುವ ಮಾತೇ ಇಲ್ಲ.

ಕೃಷಿಗೆ ಮಾರುವ ಮೈಲುತುತ್ತದಲ್ಲಿ ಬೇರೆ ಲೋಹಗಳ ಕಲಬೆರಕೆಯೂ ಇರಬಹುದು. ಸಲ್ಫೇಟೇ ಬೇಕು ಅನ್ನುವವರು ಪ್ರಯೋಗಾಲಯಕ್ಕೆ ಮಾರುವ ಶುದ್ಧ ಹರಳು ತೆಗೆದುಕೊಳ್ಳಲಿ. 4 ಗ್ರಾಂ ಹರಳನ್ನು 1 ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿದರೆ, ಪ್ರತಿ ಎಂಎಲ್‌ನಲ್ಲಿ 1 ಮಿಲಿಗ್ರಾಂ ತಾಮ್ರ ಸಿಗುತ್ತದೆ. ಹೊಸ ರೀಫ್ ಅವರ ಟ್ಯಾಂಕ್ ಅಂಚಿನವರೆಗೆ ತುಂಬಿದರೆ 70 ಲೀಟರ್. ಎರಡಿಂಚು ಬಿಟ್ಟರೆ 60. 0.2 ಪಿಪಿಎಂಗೆ 12 ಎಂಎಲ್. ಅದನ್ನೂ ಒಂದೇ ಸಲ ಅಲ್ಲ, ಮೂರು ನಾಲ್ಕು ದಿನಕ್ಕೆ ಹಂಚಿ.

ಬೋರ್ಡೋಗೆ ಸುಣ್ಣ ಬೆರೆಸಿದಾಗ ತಾಮ್ರ ನೀಲಿ ಗಸಿಯಾಗುವುದನ್ನು ನೀವು ನೋಡಿದ್ದೀರಿ. ಸಮುದ್ರದ ನೀರಿನಲ್ಲೂ ಕಾರ್ಬೊನೇಟ್ ಇದೆ. ಅಲ್ಲೂ ತಾಮ್ರ ನಿಧಾನಕ್ಕೆ ಗಸಿಯಾಗಿ ತಳ ಸೇರುತ್ತದೆ. ಬೆಳಿಗ್ಗೆ 0.20 ಇದ್ದದ್ದು ರಾತ್ರಿ 0.12 ಆಗಿರಬಹುದು. ಅದಕ್ಕೇ ಸಲ್ಫೇಟ್ ಬಳಸುವವರು ದಿನಕ್ಕೆ ಎರಡು ಸಲ ಅಳೆಯಬೇಕು. ಟ್ಯಾಂಕಿನಲ್ಲಿ ಹವಳದ ಕಲ್ಲು ಮರಳು ಇದ್ದರೆ ಅದೂ ತಾಮ್ರ ಹೀರುತ್ತದೆ. ಕೀಲೇಟ್ ಮಾಡಿದ್ದು ಹೀಗೆ ಬೇಗ ಬೀಳುವುದಿಲ್ಲ. ದುಡ್ಡು ಜಾಸ್ತಿ ಕೊಡುವುದು ಆ ನೆಮ್ಮದಿಗೆ.

ಅಡಿಕೆ ತೋಟ

ಅರ್ಥವಾಯಿತು. ಮೂಟೆ ತೋಟಕ್ಕೇ ಇರಲಿ.

ಕುಡ್ಲ ಕಡಲು (ಮಂಗಳೂರು)

ಇಷ್ಟೆಲ್ಲ ತಾಮ್ರದ ರಗಳೆ ಯಾಕೆ ಮಾರಾಯ್ರೆ? ಉಪ್ಪು ಇಳಿಸಿ. 1.025 ಇರುವುದನ್ನು ಎರಡು ದಿನದಲ್ಲಿ ಮೆಲ್ಲ 1.009ಕ್ಕೆ ತನ್ನಿ. ಒಂದು ತಿಂಗಳು ಅಲ್ಲೇ ಇಡಿ. ಕ್ರಿಪ್ಟೋದ ಕೋಶ ಆ ನೀರಿನಲ್ಲಿ ಉಳಿಯುವುದಿಲ್ಲ. ಮೀನಿಗೆ ತೊಂದರೆ ಇಲ್ಲ, ಹಸಿವೂ ಚೆನ್ನಾಗಿರುತ್ತದೆ. ವಿಷ ಹಾಕಿದ ಹಾಗೂ ಆಗುವುದಿಲ್ಲ. ಮೇಲೆ ಏರಿಸುವಾಗ ಮಾತ್ರ ಅವಸರ ಬೇಡ, ಒಂದು ವಾರ ತೆಗೆದುಕೊಳ್ಳಿ.

ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಮಾತ್ರ 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ) ಅಳತೆ ದ್ರಾವಣದಲ್ಲೂ ಆರ್‌ಒ ನೀರಿನಲ್ಲೂ ಸರಿ ಮಾಡಿಕೊಳ್ಳಿ. 1.009 ಅಂದುಕೊಂಡು 1.012ರಲ್ಲಿ ಇಟ್ಟರೆ ತಿಂಗಳು ದಂಡ.

ಮತ್ಸ್ಯವಿದ್ಯಾ

ಕುಡ್ಲದವರು ಹೇಳಿದ್ದು ಕ್ರಿಪ್ಟೋ ಮಟ್ಟಿಗೆ ಸರಿ, ಆದರೆ ಪೂರ್ತಿ ಅಲ್ಲ. ಕಡಿಮೆ ಉಪ್ಪಿಗೂ ಹೊಂದಿಕೊಂಡ ಕ್ರಿಪ್ಟೋ ತಳಿಗಳು ತೈವಾನಿನ ಸಾಕಣೆ ಕೊಳಗಳಲ್ಲಿ ಸಿಕ್ಕಿವೆ. ವೆಲ್ವೆಟ್ ಅಂತೂ ಅಳಿವೆಯ ಸಪ್ಪೆ ನೀರಿನಲ್ಲೂ ಆರಾಮಾಗಿ ಬದುಕುತ್ತದೆ. ಯುರೋನೀಮಾ ಎಂಬ ಇನ್ನೊಂದು ಪರಾವಲಂಬಿ ಇದೆ. ಕ್ರೋಮಿಸ್ ಮೀನಿನ ಮೈ ಮೇಲೆ ಕೆಂಪು ಹುಣ್ಣು ಮಾಡುವುದು ಅದೇ. ಅದಕ್ಕೂ ಉಪ್ಪು ಇಳಿಸುವುದರಿಂದ ಏನೂ ಆಗುವುದಿಲ್ಲ. ಸೂಕ್ಷ್ಮದರ್ಶಕ ಇಲ್ಲದೆ ಬರೀ ಕಣ್ಣಿನಲ್ಲಿ ಗುರುತಿಸಿರುವಾಗ, ಒಂದಕ್ಕೇ ಕೆಲಸ ಮಾಡುವ ಚಿಕಿತ್ಸೆ ಆರಿಸುವುದು ಸ್ವಲ್ಪ ಜೂಜು.

ಕುಡ್ಲ ಕಡಲು

ಅದು ಹೌದು. ಆದರೂ ತಾಮ್ರ ತಡೆಯದ ಮೀನುಗಳಿಗೆ ಇದೇ ದಾರಿ ಉಂಟಲ್ಲ. ಮ್ಯಾಂಡರಿನ್ ಮೀನಿಗೆ ಯಾರಾದರೂ ತಾಮ್ರ ಹಾಕುತ್ತಾರಾ?

ಇನ್ನೊಂದು ವಿಷಯ. ನಮ್ಮ ಕಡೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಿಸಿಕೊಳ್ಳುವ ಬೆಂಗಳೂರಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸಬೇಡಿ. ನೇತ್ರಾವತಿ, ಗುರುಪುರ ಹೊಳೆ ತುಂಬಿ ಹರಿಯುವಾಗ ದಡದ ನೀರು ಸಪ್ಪೆಯಾಗಿ, ಕೆಂಪಾಗಿ ಇರುತ್ತದೆ. ಬೇಸಿಗೆಯಲ್ಲಿ ತಂದರೂ ನೇರ ಹಾಕುವುದಲ್ಲ. ಬ್ಲೀಚಿಂಗ್ ಹಾಕಿ ಒಂದು ದಿನ ಬಿಟ್ಟು, ಆಮೇಲೆ ಹೈಪೋ ಹಾಕಿ ಕ್ಲೋರಿನ್ ತೆಗೆಯಬೇಕು. ಹ್ಯಾಚರಿಯವರು ಮಾಡುವುದೂ ಅದೇ.

ಯುವಿ ಭಕ್ತ

ನಾನು ಕ್ವಾರಂಟೈನ್ ಮಾಡುವುದೇ ಇಲ್ಲ. ಕ್ರಿಪ್ಟೋ ಪ್ರತಿ ಟ್ಯಾಂಕಿನಲ್ಲೂ ಇರುತ್ತದೆ. ಒಳ್ಳೆ ಊಟ, ಬೆಳ್ಳುಳ್ಳಿ ರಸ, ನೀರಿಗೆ ಯುವಿ (ಅತಿನೇರಳೆ) ದೀಪ, ಮೀನಿನ ಮೈ ಸ್ವಚ್ಛ ಮಾಡುವ ಕ್ಲೀನರ್ ಸಿಗಡಿ. ಇಷ್ಟಿದ್ದರೆ ಮೀನು ತಾನೇ ಹೋರಾಡುತ್ತದೆ. ಸಣ್ಣ ಡಬ್ಬಿಯಲ್ಲಿ ತಾಮ್ರ ಕುಡಿಸಿ ಕೊಲ್ಲುವುದಕ್ಕಿಂತ ಇದು ವಾಸಿ.

ಹಳೇ ಸಂಪ್

ಶುರುವಾಯಿತು.

ಮತ್ಸ್ಯವಿದ್ಯಾ

ಅವರ ಮಾತಿನಲ್ಲಿ ಅರ್ಧ ನಿಜ ಇದೆ, ತಳ್ಳಿಹಾಕಬೇಡಿ. ಕ್ರಿಪ್ಟೋ ಬಂದು ಬದುಕಿ ಉಳಿದ ಮೀನಿಗೆ ಕೆಲವು ತಿಂಗಳ ಮಟ್ಟಿಗೆ ನಿರೋಧಕ ಶಕ್ತಿ ಬರುತ್ತದೆ. ಹೊಟ್ಟೆ ತುಂಬಿದ, ಹೆದರದ ಮೀನು ಹಸಿದ ಮೀನಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಕೆಟ್ಟದಾಗಿ ನಡೆಸಿದ ಕ್ವಾರಂಟೈನ್‌ನಲ್ಲಿ ರೋಗಕ್ಕಿಂತ ಅಮೋನಿಯಾಕ್ಕೇ ಜಾಸ್ತಿ ಮೀನು ಸಾಯುತ್ತದೆ ಅನ್ನುವುದನ್ನೂ ಒಪ್ಪುತ್ತೇನೆ.

ಆದರೆ 'ಪ್ರತಿ ಟ್ಯಾಂಕಿನಲ್ಲೂ ಇರುತ್ತದೆ' ಎನ್ನುವುದು ತಪ್ಪು. ಮೀನಿಲ್ಲದೆ ಅದು ಬದುಕಲಾರದು, ಗಾಳಿಯಲ್ಲಿ ತಾನಾಗಿ ಹುಟ್ಟುವುದೂ ಇಲ್ಲ. ನಾವು ತಂದರೆ ಬರುತ್ತದೆ. ಯುವಿ ಕೊಲ್ಲುವುದು ತನ್ನ ಕೊಳವೆಯೊಳಗೆ ಹಾದುಹೋದ ಮರಿಗಳನ್ನು ಮಾತ್ರ. ತಳದಲ್ಲಿ ಹುಟ್ಟಿ ಪಕ್ಕದಲ್ಲೇ ಮಲಗಿರುವ ಮೀನಿಗೆ ಹತ್ತುವ ಮರಿ ಆ ಕೊಳವೆಗೆ ಯಾಕೆ ಹೋಗುತ್ತದೆ? ಸಿಗಡಿ ಚರ್ಮದಡಿ ಇರುವುದನ್ನು ಕಿತ್ತು ತಿನ್ನಲಾರದು. ಬೆಳ್ಳುಳ್ಳಿ ಹಾಕಿದರೆ ಕೆಲವು ಮೀನು ಊಟಕ್ಕೆ ಬರುತ್ತವೆ, ಅಷ್ಟೇ. ಮತ್ತೆ ಪೌಡರ್ ಬ್ಲೂ ಅಂದರೆ ಈ ರೋಗಕ್ಕೆ ಹೆಸರುವಾಸಿ. ಇದೊಂದು ಮೀನಿನ ಮೇಲೆ ಈ ಪ್ರಯೋಗ ಬೇಡ.

ಯುವಿ ಭಕ್ತ

ನನ್ನ ಟ್ಯಾಂಕಿನಲ್ಲಿ ಹಿಪ್ಪೋ ಟ್ಯಾಂಗ್ ವರ್ಷಗಳಿಂದ ಇದೆ. ಪುಸ್ತಕ ಏನೇ ಹೇಳಲಿ.

ಹಳೇ ಸಂಪ್

ಇರಲಿ ಸರ್, ಸಂತೋಷ. ಅದರ ಜೊತೆಗೆ ಹೊಸ ಮೀನು ಬಿಡುವ ದಿನ ಇಲ್ಲಿ ಬರೆಯಿರಿ.

ಡಲ್ಲಾಸ್ ಕನ್ನಡಿಗ

ಇಲ್ಲಿ ಟೆಕ್ಸಸ್‌ನಲ್ಲಿ ನಾವು ಮಾಡುವ ಕ್ರಮ ಹೇಳುತ್ತೇನೆ. ಕೀಲೇಟ್ ಮಾಡಿದ ತಾಮ್ರ, ನಾಲ್ಕೈದು ದಿನದಲ್ಲಿ ಮೆಲ್ಲಗೆ 2.0ಕ್ಕೆ ಏರಿಸುವುದು. ಮೀನು ತಿನ್ನುವುದು ಬಿಟ್ಟರೆ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿ, ತಿನ್ನಲು ಶುರು ಮಾಡಿದ ಮೇಲೆ ಮುಂದುವರಿಸುವುದು. ಮಟ್ಟ ಮುಟ್ಟಿದ ದಿನದಿಂದ ಎಣಿಕೆ. ಒಂದೇ ಟ್ಯಾಂಕಿನಲ್ಲಿ ಇಡುವುದಾದರೆ 30 ದಿನ. ಇಲ್ಲವೇ 14 ದಿನ ಇಟ್ಟು, ಪೂರ್ತಿ ಒಣಗಿದ ಬೇರೆ ಟ್ಯಾಂಕಿಗೆ, ಹೊಸ ನೀರಿಗೆ ಮೀನನ್ನು ಮಾತ್ರ ದಾಟಿಸುವುದು. 14 ದಿನದೊಳಗೆ ಮೈ ಮೇಲಿನದೆಲ್ಲ ಕೆಳಗೆ ಬಿದ್ದಿರುತ್ತದೆ, ಹೊಸದು ಹತ್ತಲು ತಾಮ್ರ ಬಿಟ್ಟಿರುವುದಿಲ್ಲ. ತಳದ ಕೋಶಗಳು ಹಳೆಯ ಟ್ಯಾಂಕಿನಲ್ಲೇ ಉಳಿಯುತ್ತವೆ.

ತಾಮ್ರವೇ ಬೇಡ ಅನ್ನುವವರಿಗೆ ಟ್ಯಾಂಕ್ ಬದಲಿಸುವ ಕ್ರಮ ಇದೆ. 72 ಗಂಟೆಗೊಮ್ಮೆ ಹೊಸ ಟ್ಯಾಂಕ್, ನಾಲ್ಕು ಸಲ. ಬಿದ್ದ ಪರಾವಲಂಬಿ ಕೋಶ ಒಡೆದು ಮರಿ ಬಿಡುವ ಮೊದಲೇ ಮೀನು ಅಲ್ಲಿಂದ ಜಾಗ ಖಾಲಿ ಮಾಡಿರುತ್ತದೆ. ಔಷಧವೇ ಇಲ್ಲ. ಆದರೆ ಕ್ರಿಪ್ಟೋಗೆ ಮಾತ್ರ. ವೆಲ್ವೆಟ್ ಅಷ್ಟು ಹೊತ್ತು ಕಾಯುವುದಿಲ್ಲ.

ಕ್ಲೋರೋಕ್ವಿನ್ ಬಗ್ಗೆ ಯಾರೂ ಹೇಳಲಿಲ್ಲ, ಅಲ್ವಾ?

ಹೊಸ ರೀಫ್

ಮಲೇರಿಯಾ ಮಾತ್ರೆಯೇ?

ಡಲ್ಲಾಸ್ ಕನ್ನಡಿಗ

ಅದೇ. ಕ್ಲೋರೋಕ್ವಿನ್ ಫಾಸ್ಫೇಟ್, ಲೀಟರಿಗೆ 15 ಮಿಲಿಗ್ರಾಂ ಲೆಕ್ಕ. ತಾಮ್ರ ತಡೆಯದ ಮೀನುಗಳಿಗೆ ಕೆಲವರು ಬಳಸುತ್ತಾರೆ. ತೊಂದರೆ ಏನೆಂದರೆ ಮನೆಯಲ್ಲಿ ಅಳೆಯಲು ಕಿಟ್ ಇಲ್ಲ. ಬೆಳಕಿಗೆ ಕೆಡುತ್ತದೆ. ಹಾಕಿದ್ದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವ ದಾರಿ ಇಲ್ಲ. 2020ರಲ್ಲಿ ಕೋವಿಡ್ ಗಲಾಟೆಯಲ್ಲಿ ಇದು ಮಾರುಕಟ್ಟೆಯಿಂದಲೇ ಮಾಯವಾಯಿತು. ಆ ಮಾರ್ಚ್‌ನಲ್ಲಿ ಅರಿಜೋನಾದಲ್ಲಿ ಒಬ್ಬರು ಮೀನಿನ ಟ್ಯಾಂಕಿಗೆ ಇಟ್ಟಿದ್ದ ಕ್ಲೋರೋಕ್ವಿನ್ ಪುಡಿ ನುಂಗಿ ತೀರಿಕೊಂಡರು. ಮನೆಯಲ್ಲಿ ಮೀನಿನ ಔಷಧ ಇಡುವವರು ಡಬ್ಬಿ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ.

ಹಳೇ ಸಂಪ್

ಇಲ್ಲಿ ಅದು ವೈದ್ಯರ ಚೀಟಿ ಇದ್ದರೆ ಕೊಡುವ ಮಾತ್ರೆ. ಮಾತ್ರೆಯಲ್ಲಿ ಬೇರೆ ಹಿಟ್ಟೂ ಸೇರಿರುತ್ತದೆ, ನೀರು ಕೆಡಿಸುತ್ತದೆ. ನಾನಂತೂ ಆ ದಾರಿಗೆ ಹೋಗುವುದಿಲ್ಲ. ಅಳೆಯಲು ಬಾರದ್ದನ್ನು ಹಾಕಿ ದೇವರ ಮೇಲೆ ಭಾರ ಹಾಕುವುದು ನನಗೆ ಆಗದು.

ಹೊಸ ರೀಫ್

ಹೊಸ ಸುದ್ದಿ. ಚೆಕರ್ ಬಂತು. ಕೀಲೇಟ್ ಮಾಡಿದ ತಾಮ್ರ ತೆಗೆದುಕೊಂಡೆ. ಮೆಲ್ಲಗೆ ಏರಿಸಿ ಈಗ 1.9ರಲ್ಲಿದೆ. ಟ್ಯಾಂಗ್ ಮೈ ಮೇಲೆ ಚುಕ್ಕೆ ಒಂದೂ ಇಲ್ಲ, ಚೆನ್ನಾಗಿ ತಿನ್ನುತ್ತಿದೆ. ಇನ್ನು ನಿಲ್ಲಿಸಬಹುದೇ?

ಆದರೆ ಕ್ಲೌನ್‌ಗಳಲ್ಲಿ ಒಂದು ನಿನ್ನೆಯಿಂದ ಮೇಲೇ ತೇಲುತ್ತಿದೆ. ಮೈ ಮೇಲೆ ಬಿಳಿ ಲೋಳೆ, ಅಲ್ಲಲ್ಲಿ ಸಿಪ್ಪೆ ಎದ್ದ ಹಾಗೆ. ಬಾಯಿ ತೆರೆದು ಉಸಿರಾಡುತ್ತಿದೆ. ತಾಮ್ರ ಜಾಸ್ತಿಯಾಯಿತೇ?

ಮತ್ಸ್ಯವಿದ್ಯಾ

ಮೊದಲನೆಯದಕ್ಕೆ ಉತ್ತರ: ನಿಲ್ಲಿಸಬೇಡಿ! ಚುಕ್ಕೆ ಹೋದದ್ದು ವಾಸಿಯಾಗಿದ್ದರಿಂದ ಅಲ್ಲ, ತಿಂದು ಮುಗಿಸಿ ಕೆಳಗೆ ಇಳಿದದ್ದರಿಂದ. ಔಷಧ ಹಾಕದಿದ್ದರೂ ಹೋಗುತ್ತಿತ್ತು. 'ಬೆಳ್ಳುಳ್ಳಿಯಿಂದ ಮೂರೇ ದಿನಕ್ಕೆ ವಾಸಿ' ಎನ್ನುವ ಕಥೆಗಳೆಲ್ಲ ಹುಟ್ಟುವುದು ಇದೇ ಹೊತ್ತಿಗೆ. ನಿಮ್ಮ ಎಣಿಕೆ ಈಗ ಶುರು.

ಎರಡನೆಯದು ಅವಸರದ ವಿಷಯ. ಆ ಲೋಳೆ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯದ್ದು ಇರಬೇಕು. ಕ್ಲೌನ್‌ಗಳಿಗೆ ಇದು ಎಷ್ಟು ಬರುತ್ತದೆ ಎಂದರೆ ಕ್ಲೌನ್ ರೋಗ ಅಂತಲೇ ಕರೆಯುತ್ತಾರೆ. ಸಮುದ್ರದಿಂದ ಹಿಡಿದು ತಂದವುಗಳಲ್ಲಿ ಜಾಸ್ತಿ. ಇದಕ್ಕೆ ಕೋಶದ ಹಂತವೇ ಇಲ್ಲ. ಮೀನಿನ ಮೈ ಮೇಲೇ ಒಂದು ಎರಡಾಗುತ್ತಾ ಹೋಗುತ್ತದೆ. ಅದಕ್ಕೇ ಇಷ್ಟು ಬೇಗ ಮೈಯೆಲ್ಲ ಹರಡುವುದು. ತಾಮ್ರಕ್ಕೆ ಇದು ಜಗ್ಗುವುದಿಲ್ಲ.

ಇದಕ್ಕೆ ಫಾರ್ಮಾಲಿನ್. ಶೇಕಡ 37ರ ಫಾರ್ಮಾಲ್ಡಿಹೈಡ್ ದ್ರಾವಣ, 10 ಲೀಟರ್ ಸಮುದ್ರದ ನೀರಿಗೆ 1.5 ಎಂಎಲ್. ಅಂದರೆ ಸುಮಾರು 150 ಪಿಪಿಎಂ. ಬೇರೆ ಬಕೆಟ್‌ನಲ್ಲಿ, ಟ್ಯಾಂಕಿನಷ್ಟೇ ಬಿಸಿ, ಅಷ್ಟೇ ಉಪ್ಪು, ಏರ್‌ಸ್ಟೋನ್ ಜೋರಾಗಿ ಓಡುತ್ತಿರಬೇಕು. 45 ನಿಮಿಷ. ಪಕ್ಕದಲ್ಲೇ ಕೂತು ನೋಡುತ್ತಿರಿ. ಮೀನು ಮಗುಚಿದರೆ ಆ ಕ್ಷಣ ತೆಗೆಯಿರಿ. ಅದ್ದಿ ತೆಗೆದ ಮೀನನ್ನು ಹಳೆಯ ನೀರಿಗೆ ಬಿಡಬೇಡಿ. ಇನ್ನೊಂದು ಟಬ್‌ನಲ್ಲಿ ಹೊಸ ನೀರು, ಅದರಲ್ಲೂ ಅದೇ ತಾಮ್ರದ ಮಟ್ಟ. ಜೋಡಿಯ ಇನ್ನೊಂದಕ್ಕೂ ಮಾಡಿ, ಲಕ್ಷಣ ಇಲ್ಲದಿದ್ದರೂ. ಟ್ಯಾಂಗ್ ಮೇಲೂ ಒಂದು ಕಣ್ಣಿರಲಿ.

ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಫಾರ್ಮಾಲಿನ್ ಬಳಸಲೇಬಾರದು. ಆ ಗಸಿ ಮೀನಿಗೆ ಘೋರ ವಿಷ. ನಿಮಗೂ ಇದು ಒಳ್ಳೆಯದಲ್ಲ, ಕ್ಯಾನ್ಸರ್ ತರುವ ರಾಸಾಯನಿಕ. 2018ರಲ್ಲಿ ತಿನ್ನುವ ಮೀನಿಗೆ ಇದನ್ನು ಹಾಕುತ್ತಾರೆ ಎಂದು ಗೋವಾ, ಕೇರಳದಲ್ಲಿ ಗಲಾಟೆ ಆಗಿದ್ದು ಇದರದ್ದೇ. ಕೈಗವಸು, ಕಣ್ಣಿಗೆ ಕನ್ನಡಕ. ಬಾಲ್ಕನಿಯಲ್ಲಿ ಮಾಡಿ, ಬಾತ್‌ರೂಮ್‌ನಲ್ಲಿ ಅಲ್ಲ.

ಹೊಸ ರೀಫ್

ಈ ರಾತ್ರಿ ಫಾರ್ಮಾಲಿನ್ ಎಲ್ಲಿ ಸಿಗುತ್ತದೆ ಮೇಡಂ?

ಹಳೇ ಸಂಪ್

ನಾಳೆ ಬೆಳಿಗ್ಗೆ ಕೆಮಿಕಲ್ ಅಂಗಡಿ ತೆರೆಯುವವರೆಗೆ ಸಿಹಿನೀರಿನ ಸ್ನಾನ ಮಾಡಿಸಿ. ಆರ್‌ಒ ನೀರು, ಅದೇ ಉಷ್ಣತೆ, ಸೋಡಾ ಹಾಕಿ ಪಿಎಚ್ 8.2ಕ್ಕೆ ತಂದಿರಬೇಕು. ಅಡುಗೆ ಸೋಡಾ ಸಾಕು. ಗಾಳಿ ಜೋರಾಗಿ ಬಿಡಿ. 5 ನಿಮಿಷ. ಪೂರ್ತಿ ಹೋಗುವುದಿಲ್ಲ, ಲೋಳೆ ಕಡಿಮೆಯಾಗಿ ಉಸಿರಾಡಲು ಸ್ವಲ್ಪ ಜಾಗವಾಗುತ್ತದೆ.

ಕಪ್ಪು ಬಕೆಟ್ ಬಳಸಿ. ಮೀನಿನ ಮೈ ಮೇಲೆ ಫ್ಲೂಕ್ ಹುಳ ಇದ್ದರೆ ಸಿಹಿನೀರಿನಲ್ಲಿ ಬೆಳ್ಳಗಾಗಿ ಉದುರುತ್ತದೆ. ಕಪ್ಪು ತಳದ ಮೇಲೆ ಎಳ್ಳಿನಷ್ಟು ದೊಡ್ಡದು ಸ್ಪಷ್ಟ ಕಾಣುತ್ತದೆ. ಬದುಕಿರುವವರೆಗೆ ಅದು ಪಾರದರ್ಶಕ, ಮೀನಿನ ಮೇಲಿದ್ದರೂ ಕಾಣುವುದಿಲ್ಲ.

ಹೊಸ ರೀಫ್

ಸ್ನಾನ ಮಾಡಿಸಿದೆ. ಕ್ಲೌನ್ ಸ್ವಲ್ಪ ಪರವಾಗಿಲ್ಲ. ಬಕೆಟ್ ತಳದಲ್ಲಿ ನೀವು ಹೇಳಿದ ಬಿಳಿ ಚೂರು ಮೂರ್ನಾಲ್ಕು ಇದೆ. ಅಂದರೆ ಫ್ಲೂಕೂ ಇದೆಯೇ? ಒಂದೇ ಮೀನಿನಲ್ಲಿ?

ಡಲ್ಲಾಸ್ ಕನ್ನಡಿಗ

ಇರುತ್ತದೆ. ಅಂಗಡಿಯ ಎಲ್ಲ ಟ್ಯಾಂಕಿಗೂ ಒಂದೇ ನೀರು ಸುತ್ತುತ್ತಿದ್ದರೆ ಒಂದರದು ಎಲ್ಲಕ್ಕೂ.

ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್ ಎಂಬ ಹುಳದ ಔಷಧ. ಲೀಟರಿಗೆ 2.5 ಮಿಲಿಗ್ರಾಂ. ನಿಮ್ಮ 60 ಲೀಟರಿಗೆ 150 ಮಿಲಿಗ್ರಾಂ. ಮನುಷ್ಯರ 600 ಮಿಲಿಗ್ರಾಂ ಮಾತ್ರೆಯಾದರೆ ಕಾಲು ಭಾಗ. ಇದಕ್ಕೂ ಚೀಟಿ ಬೇಕು. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ನುಣ್ಣಗೆ ಪುಡಿ ಮಾಡಿ ಸ್ವಲ್ಪ ವೋಡ್ಕಾದಲ್ಲಿ ಕಲಸಿ ಹಾಕುತ್ತಾರೆ. ಹಾಕಿದ ಮೇಲೆ ನೀರು ಮಬ್ಬಾಗಿ ಆಮ್ಲಜನಕ ಇಳಿಯಬಹುದು, ಏರ್ ಪಂಪ್ ಎರಡಿರಲಿ. ಬೆಂಗಳೂರಿನಲ್ಲಿ ಕರೆಂಟ್ ಹೋಗುವುದಕ್ಕೆ ಬ್ಯಾಟರಿ ಪಂಪೂ ಇರಲಿ. ಫ್ಲೂಕ್ ಮೊಟ್ಟೆಗೆ ಔಷಧ ತಾಗುವುದಿಲ್ಲ. ಮೊಟ್ಟೆಗೆ ದಾರದಂಥ ಬಾಲ ಇರುತ್ತದೆ, ಸ್ಪಾಂಜಿಗೆ, ಪೈಪಿಗೆ ಸುತ್ತಿಕೊಂಡಿರುತ್ತದೆ. ಅದು ಒಡೆದು ಮರಿ ಬಂದ ಮೇಲೆ, ಅವು ದೊಡ್ಡವಾಗಿ ಮತ್ತೆ ಮೊಟ್ಟೆ ಇಡುವ ಮೊದಲು, ಎರಡನೇ ಸಲ ಹಾಕಬೇಕು. 5ರಿಂದ 7 ದಿನದ ಅಂತರ.

ಆದರೆ ಈಗಲೇ ಬೇಡ. ಮೊದಲು ಫಾರ್ಮಾಲಿನ್, ತಾಮ್ರದ ದಿನ ಮುಗಿಯಲಿ. ಫ್ಲೂಕ್ ಇವತ್ತೇ ಕೊಲ್ಲುವುದಿಲ್ಲ. ಬ್ರೂಕ್ಲಿನೆಲ್ಲಾ ಕೊಲ್ಲುತ್ತದೆ.

ಕುಡ್ಲ ಕಡಲು

ಮುಂದಿನ ಸಲ ಕ್ಲೌನ್ ತರುವಾಗ ಸಾಕಿ ಬೆಳೆಸಿದ್ದನ್ನೇ ಕೇಳಿ ಮಾರಾಯ್ರೆ. ಮಂಡಪಂ, ವಿಳಿಂಜಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸುವುದನ್ನು ಯಾವತ್ತೋ ಸಾಧಿಸಿ ಆಗಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಈ ರಗಳೆ ಕಡಿಮೆ. ಕಡಲಿನಲ್ಲೂ ಒಂದು ಜೋಡಿ ಉಳಿಯುತ್ತದೆ.

ಮಲ್ನಾಡ್ ಟ್ಯಾಂಕ್

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ದೊಡ್ಡ ಟ್ಯಾಂಕಿನೊಳಗೇ ಕ್ರಿಪ್ಟೋ ಬಂದಿದೆ. ಅದಕ್ಕೇ ತಾಮ್ರ ಹಾಕಬಹುದೇ? ಒಳಗೆ ಸಿಗಡಿ, ಬಸವನಹುಳ ಇದೆ.

ಹಳೇ ಸಂಪ್

ಬೇಡವೇ ಬೇಡ. ಸಿಗಡಿ, ಬಸವನಹುಳ ಒಂದೂ ಉಳಿಯುವುದಿಲ್ಲ. ಕಲ್ಲು ಹೀರಿಕೊಂಡ ತಾಮ್ರ ಆಮೇಲೆ ಎಷ್ಟೋ ಕಾಲ ಬಿಡುತ್ತಲೇ ಇರುತ್ತದೆ. ಮೀನೆಲ್ಲವನ್ನೂ ಹೊರಗೆ ತೆಗೆದು ಬೇರೆ ಚಿಕಿತ್ಸೆ ಕೊಡಿ. ದೊಡ್ಡ ಟ್ಯಾಂಕ್ ಮೀನಿಲ್ಲದೆ ಖಾಲಿ ಬಿಡಿ. 76 ದಿನ ಎಂದು ಹಳಬರು ಹೇಳುವುದಕ್ಕೆ ಕಾರಣ ಇದೆ. ಕೆಲವು ಕೋಶ 72 ದಿನದವರೆಗೂ ತಡೆದು ಒಡೆದದ್ದು ದಾಖಲಾಗಿದೆ. ನೀರನ್ನು 27 ಡಿಗ್ರಿಯಲ್ಲಿ ಇಟ್ಟರೆ 45 ದಿನ ಸಾಕು ಎಂದು ಈಚೆಗೆ ಕೆಲವರು ಹೇಳುತ್ತಾರೆ. ನಾನು ಹಳೇ ಲೆಕ್ಕದವನು. ಸಿಗಡಿ, ಬಸವನಹುಳಕ್ಕೆ ಊಟ ಹಾಕುತ್ತಿರಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾವೂ ಸೊರಗುತ್ತದೆ.

ಹೊಸ ರೀಫ್

ಫಾರ್ಮಾಲಿನ್ ಸಿಕ್ಕಿತು, ಗಸಿ ಇರಲಿಲ್ಲ. ಎರಡೂ ಕ್ಲೌನ್‌ಗೆ ಮಾಡಿದೆ. ದುರ್ಬಲವಾಗಿದ್ದದ್ದು ಉಳಿಯಲಿಲ್ಲ. ಇನ್ನೊಂದು ಬೇರೆ ಟಬ್‌ನಲ್ಲಿದೆ, ಸಂಜೆ ಮೈಸಿಸ್ ಸಿಗಡಿ ತಿಂದಿತು. ಟ್ಯಾಂಗ್ ಸರಿಯಾಗಿದೆ. ತಾಮ್ರ ಈಗ 2.0.

ಇನ್ನೊಂದು ಸಂಶಯ. ಕ್ವಾರಂಟೈನ್ ಪಕ್ಕದ ರೂಮಿನಲ್ಲಿದೆ. ಬಾಗಿಲು ತೆರೆದೇ ಇರುತ್ತದೆ, ಫ್ಯಾನ್ ಹಾಕಿರುತ್ತೇವೆ. ಗಾಳಿಯಲ್ಲಿ ಹರಡುವುದಿಲ್ಲ ತಾನೇ?

ಮತ್ಸ್ಯವಿದ್ಯಾ

ಕ್ಲೌನ್ ವಿಷಯ ಕೇಳಿ ಬೇಜಾರಾಯಿತು. ಲೋಳೆ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ.

ಗಾಳಿಯ ವಿಷಯ ನಗುವಂಥದ್ದಲ್ಲ. ವೆಲ್ವೆಟ್‌ನ ಮರಿಗಳು ಗುಳ್ಳೆ ಒಡೆದು ಏಳುವ ತುಂತುರಿನಲ್ಲಿ ಸೇರಿ, ಗಾಳಿ ಬೀಸುತ್ತಿದ್ದರೆ 3 ಮೀಟರ್‌ವರೆಗೆ ಹೋಗಬಲ್ಲವು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನಿಮ್ಮದು ವೆಲ್ವೆಟ್ ಅಲ್ಲ ಎಂದು ನಾವು ಟಾರ್ಚ್ ಹಿಡಿದು ಊಹಿಸಿದ್ದೇವೆ ಅಷ್ಟೇ. ಬಾಗಿಲು ಹಾಕಿ. ಕ್ವಾರಂಟೈನ್ ಟ್ಯಾಂಕಿಗೆ ಮುಚ್ಚಳ ಹಾಕಿ. ಬಲೆ, ಬಕೆಟ್, ಪೈಪ್ ಎಲ್ಲ ಬೇರೆ. ಮೊದಲು ದೊಡ್ಡ ಟ್ಯಾಂಕಿನ ಕೆಲಸ, ಆಮೇಲೆ ಕ್ವಾರಂಟೈನ್, ಆಮೇಲೆ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯಿರಿ. ಈ ಕ್ರಮ ತಿರುಗಾ ಮುರುಗಾ ಆಗಬಾರದು.

ಹೊಸ ರೀಫ್

ಬಾಗಿಲು ಹಾಕಿದೆ. ಬಲೆ ನಾಳೆ ತರುತ್ತೇನೆ. ಒಂಟಿಯಾದ ಕ್ಲೌನನ್ನು ತಾಮ್ರ ಮುಗಿದ ಮೇಲೆ ಟ್ಯಾಂಗ್ ಜೊತೆಗೇ ಪ್ರಾಜಿಗೆ ಹಾಕಲೇ, ಅಥವಾ ಟಬ್‌ನಲ್ಲೇ ಬೇರೆ ಮಾಡಲೇ?

ಡಲ್ಲಾಸ್ ಕನ್ನಡಿಗ

ಟಬ್‌ನಲ್ಲೇ. ಎರಡನ್ನೂ ಒಟ್ಟಿಗೆ ಸೇರಿಸುವುದು ದೊಡ್ಡ ಟ್ಯಾಂಕಿನಲ್ಲಿ.